ನಗರಸಭೆಯ ಫೈಬರ್: ರಸ್ತೆ ಅಗೆಯುವಾಗಲೇ ಪೈಪು ಹಾಕಿಸಿ

ಗಾಜಿನ ಎಳೆಯಲ್ಲಿ ಇಂಟರ್ನೆಟ್ ಒಯ್ಯುವ ಫೈಬರ್ ಜಾಲದಲ್ಲಿ ಕೇಬಲ್ಲಿಗಿಂತ ಅಗೆತಕ್ಕೇ ಹೆಚ್ಚು ದುಡ್ಡು. ಹಾಗಾಗಿ ಕಾರವಾರದಂಥ ಊರಿನ ಪೌರಾಯುಕ್ತರು ಮೊದಲು ತರಿಸಿಕೊಳ್ಳಬೇಕಾದದ್ದು ಮುಂದಿನ ಎರಡು ವರ್ಷಗಳ ರಸ್ತೆ, ನೀರು, ಒಳಚರಂಡಿ ಕಾಮಗಾರಿಗಳ ಪಟ್ಟಿ. ಹೇಗೂ ಅಗೆಯಲಿರುವ ಕಡೆ ಅದೇ ಟೆಂಡರಿಗೆ ಎರಡು ಖಾಲಿ, ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪು ಸೇರಿಸಿ: ಹೊರವ್ಯಾಸ 40 ಮಿ.ಮೀ., ಒಳವ್ಯಾಸ 33. ಒಂದು ನಗರಸಭೆಗೆ, ಇನ್ನೊಂದು ಬಾಡಿಗೆಗೆ. ಮನೆಮನೆಗೆ ಇಂಟರ್ನೆಟ್ ಮಾರಲು ಹೊರಟರೆ ಪರವಾನಗಿಯಿಂದ ನಡುರಾತ್ರಿಯ ದೂರಿನವರೆಗೆ ಎಲ್ಲ ನಿಮ್ಮ ತಲೆಗೇ. ಪೈಪು, ಡಾರ್ಕ್ ಫೈಬರ್ (ಉಪಕರಣ ಜೋಡಿಸದ ಖಾಲಿ ಎಳೆ) ಬಾಡಿಗೆಗೆ ಕೊಡುವುದೇ ಜಾಣತನ. ಅದಕ್ಕೂ ದೂರಸಂಪರ್ಕ ಇಲಾಖೆಯ ನೋಂದಣಿ ಬೇಕು.

ರಾಷ್ಟ್ರೀಯ ಹೆದ್ದಾರಿ 66 ದಾಟಲು ಹೆದ್ದಾರಿ ಪ್ರಾಧಿಕಾರ, ಕಂಬಗಳಿಗೆ ವಿದ್ಯುತ್ ಕಂಪನಿ ಹೆಸ್ಕಾಂ, ಕಡಲಂಚಿಗೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಜೆಡ್ ಅನುಮತಿ. ಮೂರೂ ಅರ್ಜಿ ಒಂದೇ ದಿನ ಹೋಗಲಿ. ಒಂದೊಂದಾಗಿ ಕಾಯುತ್ತ ಕೂತರೆ ಜೂನ್ ಬಂದೇಬಿಡುತ್ತದೆ. ಮಳೆಯಲ್ಲಿ ತೋಡಿದ ಕಾಲುವೆ ಕುಸಿಯುತ್ತದೆ.

ಮೋಸ ಆಗುವುದು ಆಳದಲ್ಲಿ. ವಾಡಿಕೆಯ ಅಳತೆ 1.65 ಮೀಟರ್. ಕಡಲ ಬದಿಯ ಮರಳಲ್ಲಿ ಅಂಚು ಜಾರುತ್ತದೆ, ಗುಡ್ಡದ ಬದಿಯಲ್ಲಿ ಚಿರೆಕಲ್ಲು ಎದುರಾಗುತ್ತದೆ, ಗುತ್ತಿಗೆದಾರ ಅರ್ಧಕ್ಕೇ ನಿಲ್ಲಿಸುತ್ತಾನೆ. ಮಣ್ಣು ಮುಚ್ಚುವ ಮೊದಲೇ ಜೆ.ಇ. (ಕಿರಿಯ ಎಂಜಿನಿಯರ್) ಟೇಪು ಹಿಡಿದು ಅಳೆದು, ಫೋಟೋ ತೆಗೆದು, ಎಂ.ಬಿ.ಯಲ್ಲಿ (ಅಳತೆ ಪುಸ್ತಕ) ಬರೆಯಬೇಕು. ಬಂಡೆಯಿಂದ ಆಳ ಸಿಗದ ಕಡೆ ಜಿ.ಐ. (ಸತು ಲೇಪಿತ ಕಬ್ಬಿಣ) ಪೈಪು ಇಲ್ಲವೇ ಕಾಂಕ್ರೀಟಿನ ರಕ್ಷಣೆ ಕೊಡಿಸಿ. ಪೈಪಿನ ಎರಡೂ ತುದಿಗೆ ಅದೇ ದಿನ ಮುಚ್ಚಳ ಬೀಳಲಿ. ಮೊದಲ ಮಳೆಗೆ ಮರಳು ಹೊಕ್ಕರೆ ಗಾಳಿಯೊತ್ತಡದಲ್ಲಿ ನೂಕುವ ಕೇಬಲ್ ನಡುವೆಯೇ ಸಿಕ್ಕಿಕೊಳ್ಳುತ್ತದೆ, ಮತ್ತೆ ರಸ್ತೆ ಅಗೆಯಬೇಕು. ಆದ್ದರಿಂದ ಪೈಪಿನೊಳಗೆ ಗುಂಡು ಹಾಯಿಸಿ, ಗಾಳಿ ತುಂಬಿ ಪರೀಕ್ಷಿಸದೆ ಬಿಲ್ಲಿಗೆ ಸಹಿ ಹಾಕಬೇಡಿ.

ಕಂಬದ ಮೇಲಾದರೆ ಲೋಹವಿಲ್ಲದ, ತನ್ನ ಭಾರ ತಾನೇ ಹೊರುವ ಎಡಿಎಸ್ಎಸ್ ಕೇಬಲ್ಲೇ ಸರಿ. ಉಪ್ಪುಗಾಳಿಗೆ ಸಾದಾ ಕಬ್ಬಿಣದ ಕ್ಲಾಂಪು ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲನ್ನೇ ಕೇಳಿ.

ಬೆಳಕಿನ ಲೆಕ್ಕ ಇಷ್ಟೇ: ಒಂದೇ ಎಳೆಯಿಂದ ಹಲವು ಮನೆಗೆ ಸಂಪರ್ಕ ಕೊಡುವ ಜಿಪಾನ್ ತಂತ್ರದ ಬಿ-ಪ್ಲಸ್ ದರ್ಜೆಯ ಉಪಕರಣ 28 ಡಿಬಿ (ಡೆಸಿಬೆಲ್, ಬೆಳಕು ಕುಗ್ಗುವ ಅಳತೆ) ನಷ್ಟ ತಡೆದುಕೊಳ್ಳುತ್ತದೆ. 32 ಮನೆಗೆ ಹಂಚುವ ಸ್ಪ್ಲಿಟರ್ ಒಂದೇ ಸುಮಾರು 17 ನುಂಗುತ್ತದೆ. ಕಿ.ಮೀ.ಗೆ 0.35ರಂತೆ ಫೈಬರ್, ಜೋಡಣೆ, ಕನೆಕ್ಟರ್ ಎಲ್ಲ ಉಳಿದ 11ರೊಳಗೆ ಬರಬೇಕು. ಅದರಲ್ಲೂ 3 ಮುಂದಿನ ರಿಪೇರಿಗೆ ಮೀಸಲು. ಪ್ರತಿ ಎಳೆಯಲ್ಲಿ ಬೆಳಕು ಎಲ್ಲಿ, ಎಷ್ಟು ನಷ್ಟವಾಗುತ್ತದೆಂದು ತೋರಿಸುವ ಒಟಿಡಿಆರ್ ವರದಿ, ನೆಲದಡಿಯ ಜೋಡಣೆ ಚೇಂಬರುಗಳ ಜಿಪಿಎಸ್ ಗುರುತಿರುವ ನಕ್ಷೆ ಬರುವ ತನಕ ಠೇವಣಿ ವಾಪಸ್ಸಿಲ್ಲ ಎಂದು ಟೆಂಡರಿನಲ್ಲೇ ಬರೆಯಿರಿ. ಆ ನಕ್ಷೆಯನ್ನು ಅಗೆಯುವವರು ಮೊದಲೇ ವಿಚಾರಿಸಲೆಂದು 2023ರಲ್ಲಿ ಶುರುವಾದ ಕೇಂದ್ರದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪಿಗೂ ಸೇರಿಸಿ. ಇಲ್ಲದಿದ್ದರೆ ನಿಮ್ಮದೇ ನೀರಿನ ವಿಭಾಗದ ಜೆಸಿಬಿ ಮೊದಲು ಕಡಿಯುತ್ತದೆ.