ಎಂಜಿಬಿ ಗಾಡಿಗೆ ಹಿಂದಿನ ಶಾಕಪ್ ಬದಲಿ ಮಾಡಿದ್ದು: ನನ್ನ ಅನುಭವ

ನನ್ನ ಹತ್ರ 1969ರ ಎಂಜಿಬಿ ರೋಡ್‌ಸ್ಟರ್ ಐತಿ, ಹಳೆ ಇಂಗ್ಲಿಷ್ ಸ್ಪೋರ್ಟ್ಸ್ ಕಾರು, ಎರಡು ಸೀಟಿಂದು, ಮ್ಯಾಲೆ ಬಟ್ಟಿ ಹುಡ್. ಇಂಗ್ಲಂಡಿನ ಅಬಿಂಗ್ಡನ್ ಫ್ಯಾಕ್ಟರ್ಯಾಗ 1962ರಿಂದ 1980ರ ತನಕ ಈ ಮಾಡೆಲ್ ಮಾಡಿದ್ರು. ಹೋದ ಮಳಿಗಾಲ ಮುಗದ ಮ್ಯಾಲೆ ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟ್ ಕಡೆ ಹೊಂಟಿದ್ವಿ, ಒಂದು ತಿರುವಿನ್ಯಾಗ ತಗ್ಗು ಸಿಕ್ತು, ಹಿಂದಿನ ಭಾಗ ಒಮ್ಮೆ ಜಿಗದಿದ್ದು ಸುಮ್ಮನಾಗಲೇ ಇಲ್ಲ, ಮೂರ್ನಾಕು ಸಲ ಮ್ಯಾಲ ಕೆಳಗ ಆಗಿ ಗಾಡಿ ರೋಡಿನ ಅಂಚಿಗೆ ಸರೀತು. ಬಾಜೂಕ ಕೂತಿದ್ದ ಮನಿಯಾಕಿ "ಇದನ್ನ ಸರಿ ಮಾಡಸೂ ತನಕ ನಾ ಕೂಡೂದಿಲ್ರಿ" ಅಂದ್ಲು. ಆಕಿ ಅಂದಿದ್ದು ಖರೇನ ಇತ್ತು.

ಈ ಗಾಡ್ಯಾಗ ಹಿಂದ ಈಗಿನ ಗಾಡಿಗಳಂಗ ಉದ್ದನ ಕೊಳವಿ ಶಾಕಪ್ ಇಲ್ಲ. ಆರ್ಮ್‌ಸ್ಟ್ರಾಂಗ್ ಕಂಪನಿಯ ಲಿವರ್ ಟೈಪ್. ಬಾಡಿಗೆ ಎರಡು ಬೋಲ್ಟ್ ಹಾಕಿ ಕೂಡಿಸಿದ ಒಂದು ಎರಕದ ಡಬ್ಬಿ, ಅದರಿಂದ ಹೊರಗ ಬಂದ ಒಂದು ತೋಳು, ಆ ತೋಳಿಂದ ಸಣ್ಣ ಲಿಂಕ್ ಆಕ್ಸಲ್ ಕಡೆ ಹೋಗ್ತೈತಿ, ಡಬ್ಬಿ ಒಳಗ ಪಿಸ್ಟನ್ನು ಆಯಿಲ್‌ನ ವಾಲ್ವ್ ಮುಖಾಂತರ ದಬ್ಬತಾವ. ಲಿಂಕ್ ಬಿಚ್ಚಿ ತೋಳನ್ನ ಕೈಯಿಂದ ಮ್ಯಾಲ ಕೆಳಗ ಮಾಡಿ ನೋಡ್ರಿ, ಪೂರಾ ಒಂದೇ ಸಮ ಬಿಗಿ ಇರಬೇಕು, ನಡುವ ಎಲ್ಲೆರ ಸಡಿಲ ಬಿಟ್ರ ಆಯಿಲ್ ಕಮ್ಮಿ ಆಗೇತಿ. ನಂದು ಅರ್ಧ ದಾರಿ ಗಾಳ್ಯಾಗ ತಿರುಗಿದಂಗ ತಿರುಗ್ತಿತ್ತು. ಮೊದಲ ಬೈಕಿನ 20 ನಂಬರ್ ಫೋರ್ಕ್ ಆಯಿಲ್ ತುಂಬಿ ನೋಡಿದ್ನಿ, ಎರಡು ತಿಂಗಳು ಛಲೋ ಇತ್ತು, ಆಮ್ಯಾಲ ಶಾಫ್ಟ್ ಕಡಿಂದ ಮತ್ತ ಸೋರಾಕ ಹತ್ತಿತು. ಲಿವರ್ ಟೈಪ್ ಕೆಟ್ಟದ್ದು ಅಂತ ನಾ ಹೇಳೂದಿಲ್ಲ, ಸರಿ ಇದ್ದಾಗ ಭಾಳ ಮೆತ್ತಗ ಹೋಗ್ತೈತಿ, ಆದ್ರ ಅದರಾಗ ಆಯಿಲ್ ಸ್ವಲ್ಪ, ಘಾಟ್‌ನ್ಯಾಗ ಒಂದೇ ಸಮ ಕುಣಿಸಿದ್ರ ಕಾದು ತೆಳ್ಳಗ ಆಗ್ತೈತಿ. ಅದಕ್ಕ ಟೆಲಿಸ್ಕೋಪಿಕ್‌ಗೆ, ಅಂದ್ರ ಉದ್ದನ ಕೊಳವಿ ಶಾಕಪ್ಪಿಗೆ ಹೋದ್ನಿ.

ಇಂಗ್ಲಂಡಿಂದ ಕಿಟ್ ತರಿಸಿದ್ನಿ, ಗಟ್ಟಿ ಮೆತ್ತಗ ಅಡ್ಜಸ್ಟ್ ಆಗೂ ಶಾಕಪ್. ಮ್ಯಾಲಿನ ಬ್ರಾಕೆಟ್ ಹಳೆ ಡಬ್ಬಿ ಇದ್ದ ಎರಡು ತೂತಿಗೇ ಕೂಡ್ತೈತಿ, ಹೊಸಾ ತೂತು ಕೊರಿಯೂದು ಬ್ಯಾಡ. ತ್ರಾಸ ಆಗಿದ್ದು ಕೆಳಗ. ಪಾಟಾ (ಲೀಫ್ ಸ್ಪ್ರಿಂಗ್) ಕೆಳಗಿನ ಪ್ಲೇಟಿಗೆ ಶಾಕಪ್ ಪಿನ್ ಬರ್ತೈತಿ, ಆ ಕಿಟ್‌ನ್ಯಾಗ ಪಿನ್ ಭಾಳ ಕೆಳಗ ಜೋತು ಬಿದ್ದಿತ್ತು, ನಮ್ಮ ಕಡೆ ರೋಡಿನ ಸ್ಪೀಡ್ ಬ್ರೇಕರಿಗೆ ಅದ ಮೊದಲ ಬಡೀತಿತ್ತು. ಉದ್ಯಮಬಾಗದ ಒಬ್ರು ಟರ್ನರ್ (ಲೇತ್ ಕೆಲಸದ) ಕಾಕಾರ ಹತ್ರ ಹೋದ್ನಿ, "ಕಾಕಾ, ಪಿನ್ ಪ್ಲೇಟಿನ ಬಾಜೂಕ ಬರೂವಂಗ ಮಾಡಿ ಕೊಡ್ರಿ" ಅಂದ್ನಿ. ಅವರು ಸೀದಾ ಕೇಳಿದ್ದು "ಅಳತಿ ತಂದೀಯೇನು?" ಅಂತ. ತಂದಿರಲಿಲ್ಲ. ವಾಪಸ್ ಬಂದ್ನಿ.

ಈ ಅಳತಿನ ಎಲ್ಲಕ್ಕಿಂತ ಮುಖ್ಯ. ಗಾಡಿ ನೆಲದ ಮ್ಯಾಲೆ ನಿಂತಾಗ ಮ್ಯಾಲಿನ ಪಿನ್ನಿಂದ ಕೆಳಗಿನ ಪಿನ್ನಿಗೆ ಎಷ್ಟು, ಅಲ್ಲಿಂದ ಆಕ್ಸಲ್ ಮ್ಯಾಲೆದ್ದು ಬಂಪ್ ರಬ್ಬರ್ (ಮ್ಯಾಲೆ ತಡಿಯೂ ರಬ್ಬರ್) ಮುಟ್ಟೂ ತನಕ ಎಷ್ಟು, ಕೆಳಗಿಳದು ರಿಬೌಂಡ್ ಬೆಲ್ಟ್ (ಕೆಳಗ ಹೋಗೂದು ತಡಿಯೂ ಪಟ್ಟಿ) ಬಿಗಿಯಾಗೂ ತನಕ ಎಷ್ಟು, ಮೂರೂ ಬರಕೊಂಡ್ನಿ. ಎರಡೂ ತುದ್ಯಾಗ ಶಾಕಪ್ಪಿಗೆ ಒಂದಿಂಚರ ಉಳೀಬೇಕು, ಇಲ್ಲಂದ್ರ ರಬ್ಬರ್, ಬೆಲ್ಟ್ ಮಾಡೂ ಕೆಲಸ ಶಾಕಪ್ ಮಾಡಿ ಒಳಗಿಂದ ಒಡೀತೈತಿ ಇಲ್ಲಾ ಬ್ರಾಕೆಟ್ ಕಿತ್ತ ಬರ್ತೈತಿ. ಹಳೆ ರಿಬೌಂಡ್ ಬೆಲ್ಟ್ ಹರದಿದ್ರ ಅದನ್ನೂ ಹೊಸಾದು ಹಾಕ್ರಿ, ಬಿಡಬ್ಯಾಡ್ರಿ. ಈ ಅಳತಿ ಒಯ್ದ ಮ್ಯಾಲೆ ಕಾಕಾ ಇಎನ್-8 ಉಕ್ಕಿನ ರಾಡಿನ್ಯಾಗ ಭುಜ (ದಪ್ಪನ ಅಂಚು) ಇಟ್ಟು ಪಿನ್ ತಿರುವಿ ಕೊಟ್ರು, ಬರೇ ವೆಲ್ಡಿಂಗ್ ಮ್ಯಾಲೆ ಬಿಡದ ಹಿಂದ ನಟ್ ಬರೂವಂಗ.

ಬಿಚ್ಚೂ ಕೆಲಸ ಒಂದು ರವಿವಾರದ್ದು. ಬಾಡಿ ಕೆಳಗ ಸ್ಟ್ಯಾಂಡ್, ಆಕ್ಸಲ್ ಕೆಳಗ ಬ್ಯಾರೆ ಜಾಕ್, ಒಂದು ಬಾಜೂ ಮುಗದ ಮ್ಯಾಲೆ ಇನ್ನೊಂದು. ಇದರ ಬೋಲ್ಟ್ ಎಲ್ಲಾ ಇಂಚಿನವು, ಎಂಎಂ ಪಾನಾ ಹಾಕಿದ್ರ ಮೂಲಿ ಸವದು ಹೋಗ್ತಾವ. ಪಾಟಾನ ಆಕ್ಸಲ್‌ಗೆ ಬಿಗಿ ಹಿಡಿಯೂ ಯು-ಬೋಲ್ಟ್ ಹೊಸಾವ ಹಾಕಿದ್ನಿ. ಶಾಕಪ್ ಕೂಡಿಸೂಕಿಂತ ಮೊದಲ ನೆಟ್ಟಗ ಹಿಡದು ನಾಕೈದು ಸಲ ಪಂಪ್ ಮಾಡ್ರಿ, ಒಳಗಿನ ಗಾಳಿ ಮ್ಯಾಲೆ ಬರ್ತೈತಿ. ರಬ್ಬರ್ ಬುಶ್ ಇದ್ದ ಬೋಲ್ಟ್ ಜಾಕ್ ಮ್ಯಾಲೆ ಇದ್ದಾಗ ಪೂರಾ ಬಿಗಿ ಮಾಡಬ್ಯಾಡ್ರಿ, ಗಾಡಿ ಗಾಲಿ ಮ್ಯಾಲೆ ಇಳಿಸಿ ಭಾರ ಬಿದ್ದ ಮ್ಯಾಲೆ ಬಿಗಿ ಮಾಡ್ರಿ, ಇಲ್ಲಂದ್ರ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಲಗೂನ ಹರೀತೈತಿ.

ಹೊಸಾ ಶಾಕಪ್ ಹಾಕಿದ್ರ ಹಿಂದ ಕುಂತಿದ್ದು ಎದ್ದು ಬರ್ತೈತಿ ಅಂತ ನನಗ ಒಬ್ರು ಹೇಳಿದ್ರು, ಅದು ತಪ್ಪು. ಭಾರ ಹೊರೂದು ಪಾಟಾ, ಶಾಕಪ್ ಅದರ ಕುಣಿತ ಅಷ್ಟ ನಿಲ್ಲಸ್ತೈತಿ. ಎತ್ತರ ಬೇಕಂದ್ರ ಪಾಟಾ ಬಡಿಯೂರ ಕಡೆ ಕಮಾನ ಏರಿಸಬೇಕು, ನಂದು ಆ ಕೆಲಸ ಇನ್ನ ಬಾಕಿ ಐತಿ.

ಮೊದಲ ದಿನ ಸ್ಪೋರ್ಟ್ಸ್ ಕಾರು ಅಂತ ಗಟ್ಟಿ ಸೆಟಿಂಗ್ ಇಟ್ಟಿದ್ನಿ. ಟಿಳಕವಾಡಿ ರೇಲ್ವೆ ಗೇಟಿನ್ಯಾಗ ಹಳಿ ದಾಟುವಾಗ ಬೆನ್ನಿಗೆ ಹೊಡತ, ಖರಾಬ ರೋಡಿನ್ಯಾಗ ಹಿಂದಿನ ಗಾಲಿ ನೆಲಾನ ಬಿಡಾಕ ಹತ್ತಿದ್ವು. ಪಾಟಾ ಎಲಿಗೆ ಎಲಿ ತಿಕ್ಕಿ ತಾನ ಸ್ವಲ್ಪ ತಡೀತೈತಿ, ಮ್ಯಾಲೆ ನಾವೂ ಬಿಗಿ ಮಾಡಿದ್ರ ಗಾಲಿ ಕೆಳಗ ಬರಾಕ ಟೈಮ್ ಸಿಗೂದಿಲ್ಲ. ಇಳಸಕೋತ ಇಳಸಕೋತ ಪೂರಾ ಮೆತ್ತಗಿಂದ ಎರಡು ಕ್ಲಿಕ್ ಮ್ಯಾಲೆ ನಿಲ್ಲಿಸೀನಿ. ಮತ್ತ ಅದ ಜಾಂಬೋಟಿ ದಾರಿಗೆ ಮನಿಯಾಕಿನ ಕರಕೊಂಡು ಹೋದ್ನಿ, ಕಣಕುಂಬಿ ತನಕ, ತಗ್ಗು ಬಂದ್ರ ಒಮ್ಮೆ ಎದ್ದು ಕೂಡ್ತೈತಿ, ಅಷ್ಟ. ಬರೂವಾಗ ಆಕಿ ನಿದ್ದಿ ಮಾಡಿದ್ಲು.

500 ಕಿಲೋಮೀಟರ್ ಆದ ಮ್ಯಾಲೆ ಯು-ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿದ್ನಿ, ಪ್ರತಿಯೊಂದು ಸ್ವಲ್ಪ ಸ್ವಲ್ಪ ತಿರುಗಿದ್ವು. ಹಳೆ ಲಿವರ್ ಎರಡೂ ಆಯಿಲ್ ಹಚ್ಚಿ ಸುತ್ತಿ ಇಟ್ಟೀನಿ. ಮುಂದಿನವು ಹಂಗೇ ಬಿಟ್ಟೀನಿ, ಯಾಕಂದ್ರ ಮುಂದ ಆ ತೋಳ ಸಸ್ಪೆನ್ಷನ್ನಿನ ಮ್ಯಾಲಿನ ಆರ್ಮ್ ಆಗಿ ಗಾಲಿ ಹಿಡದು ನಿಂತೈತಿ, ತೆಗದು ಒಗಿಯಾಕ ಬರೂದಿಲ್ಲ. ಅದಕ್ಕ ಸೀಲ್ ಬದಲಿ ಮಾಡೂದು ಒಂದು ದಾರಿ.