ಕುಲ್ಫಿ ಅಂಗಡಿಯ ಬೋರ್ಡಿನಲ್ಲಿ ನಾನು ಬರೆದದ್ದು

ಕೊಪ್ಪಳದಲ್ಲಿ ನಂದೊಂದು ಸಣ್ಣ ಕುಲ್ಫಿ, ಐಸ್‌ಕ್ರೀಮ್ ಅಂಗಡಿ ಇದೆ. 'ಶುದ್ಧ', 'ಅಸಲಿ', 'ನೂರಕ್ಕೆ ನೂರು' ಅಂತ ಬೋರ್ಡ್ ಇಲ್ಲದ ಅಂಗಡಿಯೇ ಇಲ್ಲ, ಹಾಗಾಗಿ ಅದನ್ನು ಓದಿ ಯಾರೂ ನಂಬುವುದೂ ಇಲ್ಲ. ನಾನು ಶುದ್ಧ ಅನ್ನೋ ಮಾತನ್ನೇ ಬಿಟ್ಟೆ. ಯಾವ ಸಾಮಾನು ಎಲ್ಲಿಂದ ಬಂತು ಅಂತ ಮಾತ್ರ ಬರೆದೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂತಲೇ ಬರೆದೆ. ಹೇಗೆ ಮಾಡಿದೆ ಅಂತ ಕೆಲವರು ಕೇಳ್ತಾ ಇದ್ದಾರೆ, ಅದಕ್ಕೆ ಇದು.

ಮೊದಲು ಹಾಲು. ಕುಲ್ಫಿಗೆ ಎಮ್ಮೆ ಹಾಲೇ ಬೇಕು. ಕಿನ್ನಾಳದ ಕಡೆ ಎಮ್ಮೆ ಸಾಕುವವರಿಂದ ನೇರವಾಗಿ ತಗೊಳ್ತೇನೆ. ತೊಂದರೆ ಏನಪ್ಪಾ ಅಂದ್ರೆ, ಗಿರಾಕಿ ಮುಗಿಬೀಳುವ ಏಪ್ರಿಲ್, ಮೇ ತಿಂಗಳಲ್ಲೇ ಎಮ್ಮೆ ಹಾಲು ಕಡಿಮೆ, ನಮ್ಮ ಬಿಸಿಲು ಗೊತ್ತಲ್ಲ, ಹಸಿ ಮೇವೂ ಸಿಗೋದಿಲ್ಲ. ಚಳಿಗಾಲದಲ್ಲಿ ಹಾಲು ಜಾಸ್ತಿ, ಆಗ ಕುಲ್ಫಿ ಯಾರಿಗೂ ಬೇಡ. ಗವಿಮಠದ ಜಾತ್ರೆಗೆ ಊರು ತುಂಬಾ ಜನ ಬಂದರೂ ಆ ಚಳಿಯಲ್ಲಿ ಅವರಿಗೆ ಬೇಕಾಗಿರೋದು ಬಿಸಿ ಮಿರ್ಚಿ! ಚಳಿಗಾಲದಲ್ಲಿ ರೇಟು ಮುರಿದು ಬೇಸಿಗೆಯಲ್ಲಿ 'ಕಾಕಾ, ಹಾಲು ಕೊಡಿ' ಅಂದರೆ ಯಾರು ಕೊಡ್ತಾರೆ? ವರ್ಷವಿಡೀ ಒಂದೇ ರೇಟು ಮಾಡಿದೆ, ವಾರಕ್ಕೊಮ್ಮೆ ದುಡ್ಡು ತಪ್ಪಿಸೋದಿಲ್ಲ. ಹೆಚ್ಚಾದ ಹಾಲನ್ನು ನಾವೇ ಕಾಯಿಸಿ ಖೋವಾ ಮಾಡಿ ಫ್ರೀಜರಿಗೆ ಹಾಕುತ್ತೇವೆ, ಹೆಚ್ಚುಕಡಿಮೆ 5 ಲೀಟರಿಗೆ 1 ಕೆಜಿ. ಹೊರಗಿನ ಖೋವಾ ಅಗ್ಗ, ನಿಜ. ತರೋದಾದರೆ ಒಂದು ಚೂರನ್ನು ನೀರಿನಲ್ಲಿ ಕುದಿಸಿ, ಆರಿದ ಮೇಲೆ ಎರಡು ಹನಿ ಅಯೋಡಿನ್ ಹಾಕಿ ನೋಡಿ. ನೀಲಿ ಬಂದರೆ ಹಿಟ್ಟು ಬೆರೆಸಿದ್ದಾರೆ ಅಂತ. ನೀರು ಬೆರೆತಿದೆಯಾ ಅಂತ ನೋಡೋಕೆ ಹಾಲಿನಲ್ಲಿ ತೇಲಿಬಿಡುವ ಲ್ಯಾಕ್ಟೋಮೀಟರ್ ಒಂದನ್ನೇ ನಂಬಬೇಡಿ. ನೀರು ಸೇರಿಸಿ ಮೇಲೆ ಸಕ್ಕರೆ ಹಾಕಿದರೆ ಅದು ಮೋಸ ಹೋಗುತ್ತದೆ. ಫ್ಯಾಟ್ ಟೆಸ್ಟ್ ಮಾಡಿಸಲೇಬೇಕು.

ಪಿಸ್ತಾದ್ದು ದೊಡ್ಡ ಕಥೆ. ಹೆಚ್ಚಿದ ಪಿಸ್ತಾ ಅಂತ ಪ್ಯಾಕೆಟ್ ಬರುತ್ತಿತ್ತು, ಗಿಳಿ ಹಸಿರು. ಒಂದು ಚಿಟಿಕೆ ಬಿಸಿನೀರಿನ ಲೋಟಕ್ಕೆ ಹಾಕಿದೆ. ನೀರು ಹಸಿರಾಯಿತು, ಚೂರುಗಳು ಬೆಳ್ಳಗಾದವು. ಬಾಯಿಗೆ ಹಾಕಿದರೆ ಪಕ್ಕಾ ಶೇಂಗಾ! ಶೇಂಗಾ ಬೆಳೆಯುವ ಜಿಲ್ಲೆಯವನಿಗೆ ಬಣ್ಣ ಹಚ್ಚಿ ಶೇಂಗಾ ಮಾರೋದು ಅಂದ್ರೆ ಧೈರ್ಯ ಬೇಕು ಬಿಡಿ. ಆ ವ್ಯಾಪಾರಿಯನ್ನು ಅವತ್ತೇ ಬಿಟ್ಟೆ. ಈಗ ಇಡೀ ಪಿಸ್ತಾ ತಂದು ಇಲ್ಲೇ ಹೆಚ್ಚುತ್ತೇವೆ. ಅದರ ಸಿಪ್ಪೆ ಒಂಥರಾ ನೇರಳೆ, ಒಳಗೆ ಮಂಕು ಹಸಿರು, ಕುಲ್ಫಿಗೆ ಬಣ್ಣವೇ ಬರೋದಿಲ್ಲ. "ಪಿಸ್ತಾ ಅಂದ್ರ ಹಸರ ಇರಬೇಕಲ್ರೀ, ಇದೇನ್ರಿ ಹಿಂಗ ಬೆಳ್ಳಗೈತಿ?" ಅಂತ ಬೈದು ಹೋದವರಿದ್ದಾರೆ. ವ್ಯಾಪಾರ ಬಿತ್ತು ಕೂಡ. ಜನ ಅಸಲಿ ಬೇಕು ಅಂತಾರೆ, ಆದರೆ ಆರಿಸೋದು ಬಣ್ಣ ನೋಡಿ. 2024ರಲ್ಲಿ ಸರ್ಕಾರ ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಅನ್ನೋ ಬಣ್ಣ ಹಾಕಬಾರದು, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂದ ಮೇಲೆ ಈ ಮಾತು ಕೇಳಿಸಿಕೊಳ್ಳುವವರು ಸ್ವಲ್ಪ ಜಾಸ್ತಿಯಾದರು. ಅಂದಹಾಗೆ, ಶೇಂಗಾ ಕುಲ್ಫಿಯನ್ನು ಶೇಂಗಾ ಕುಲ್ಫಿ ಅಂತಲೇ ಕಡಿಮೆ ರೇಟಿಗೆ ಮಾಡ್ತೀನಿ, ಚೆನ್ನಾಗಿಯೇ ಹೋಗುತ್ತದೆ.

ಮಾವಿನಲ್ಲಿ ನಮಗೆ ಅದೃಷ್ಟ. ನಮ್ಮ ಜಿಲ್ಲೆಯಲ್ಲೇ ಕೇಸರ್ ಅನ್ನೋ ತಳಿ ಬೆಳೆಯುತ್ತಾರೆ, ತೋಟಗಾರಿಕೆ ಇಲಾಖೆ ಮಾವು ಮೇಳ ಮಾಡುತ್ತದೆ, ರೈತರ ಪರಿಚಯ ನನಗೆ ಆದದ್ದೂ ಅಲ್ಲೇ. ಕೇಸರ್ ತಿರುಳೇ ಕೇಸರಿ, ಬಣ್ಣ ಬೇಕಾಗಿಲ್ಲ. ಬಲಿತ ಕಾಯಿಯನ್ನೇ ತೋಟದಲ್ಲಿ ತೂಕ ಹಾಕಿ ತಂದು ಹುಲ್ಲಿನಲ್ಲಿ ಹಣ್ಣು ಮಾಡುತ್ತೇವೆ. ಕಾರ್ಬೈಡ್ ಹಾಕಿ ಹಣ್ಣು ಮಾಡೋದು ನಿಷೇಧವಾಗಿದೆ, ಅದಕ್ಕೆ ಎಥಿಲೀನ್ ಗ್ಯಾಸ್ 100 ಪಿಪಿಎಂವರೆಗೆ (ಹತ್ತು ಲಕ್ಷ ಭಾಗಕ್ಕೆ ನೂರು ಭಾಗ) ನಡೆಯುತ್ತದೆ, ಆದರೂ ಕಾರ್ಬೈಡ್ ಇನ್ನೂ ನಿಂತಿಲ್ಲ. ಮೇಲೆ ಪೂರ್ತಿ ಹಳದಿ ಇದ್ದು ಓಟೆ ಹತ್ತಿರ ಬಿಳಿಚಿ ಹುಳಿ ಇದ್ದರೆ ಅಂಥ ಹಣ್ಣು ಬೇಡ ಅಂತ ವಾಪಸ್ ಮಾಡಿ.

ಕೊಕೊ ಬಂದಾಗ ನನ್ನ ಕೈ ಮೀರಿತು. ಜಗತ್ತಿನ ಕೊಕೊದಲ್ಲಿ ಅರ್ಧಕ್ಕಿಂತ ಜಾಸ್ತಿ ಐವರಿ ಕೋಸ್ಟ್, ಘಾನಾಗಳಿಂದ ಬರುತ್ತದೆ. ಅಲ್ಲಿ ಮಕ್ಕಳನ್ನು ದುಡಿಸೋದನ್ನು ನಿಲ್ಲಿಸುತ್ತೇವೆ ಅಂತ ದೊಡ್ಡ ಚಾಕೊಲೇಟ್ ಕಂಪನಿಗಳು 2001ರಲ್ಲೇ ಒಪ್ಪಂದ ಮಾಡಿಕೊಂಡಿದ್ದವು, ಇವತ್ತಿಗೂ ನಿಂತಿಲ್ಲ. ನಮ್ಮಲ್ಲಿ ಕ್ಯಾಂಪ್ಕೊ ಇದೆ, 1973ರಲ್ಲಿ ರೈತರೇ ಕಟ್ಟಿದ ಸಹಕಾರಿ, ಪುತ್ತೂರಿನಲ್ಲಿ 1986ರಿಂದ ಚಾಕೊಲೇಟ್ ಕಾರ್ಖಾನೆ. ನಾನು ಅವರ ಮಾಲನ್ನೇ ಹುಡುಕುತ್ತೇನೆ. ಸಿಗದಿದ್ದಾಗ ಬೇರೆ ತರಲೇಬೇಕು, ಆಗ ಬೋರ್ಡಿನಲ್ಲಿ 'ಕೊಕೊ: ಡೀಲರ್ ಕೊಟ್ಟದ್ದು, ಯಾವ ದೇಶದ್ದು ಗೊತ್ತಿಲ್ಲ' ಅಂತ ಬರೆಯುತ್ತೇನೆ. ಗಿರಾಕಿಯಾಗಿರುವ ಮೇಷ್ಟ್ರೊಬ್ಬರು ಆ ಸಾಲು ಓದಿ, "ಇದನ್ನ ಬರದೀರಿ ಅಂದಮ್ಯಾಲೆ ಉಳಿದದ್ದು ಖರೇನ ಇರಬೇಕು" ಅಂದರು. ಬೋರ್ಡಿನಲ್ಲಿ ಜನ ಅತಿ ಜಾಸ್ತಿ ಮಾತಾಡೋದು ಇದೊಂದೇ ಸಾಲಿನ ಬಗ್ಗೆ.

ದೊಡ್ಡ ಬ್ರ್ಯಾಂಡಿನ ಡಬ್ಬಿ ತಂದು ಇದು ಹೇಗೆ ಅಂತ ಕೇಳುವವರೂ ಇದ್ದಾರೆ. ನಾನು ಬೈಯೋದಿಲ್ಲ, ತಿರುಗಿಸಿ ಓದಿ ಅಂತೀನಿ. ಐಸ್‌ಕ್ರೀಮ್ ಅಂತ ಬರೆಯಬೇಕಾದರೆ ಹಾಲಿನ ಕೊಬ್ಬು ಕನಿಷ್ಠ ಶೇ. 10 ಇರಬೇಕು (ಮೀಡಿಯಂ ಫ್ಯಾಟ್, ಲೋ ಫ್ಯಾಟ್ ಅಂತ ಬರೆದರೆ ಕಡಿಮೆ ನಡೆಯುತ್ತದೆ). ಫ್ರೋಜನ್ ಡೆಸರ್ಟ್ ಅಂತಿದ್ದರೆ ಒಳಗಿರೋದು ಸಾಮಾನ್ಯವಾಗಿ ಗಿಡದ ಎಣ್ಣೆ. ಅದು ವಿಷವಲ್ಲ, ಕಾನೂನಿನ ಪ್ರಕಾರವೇ ಇದೆ, ಆದರೆ ಐಸ್‌ಕ್ರೀಮ್ ಅಂದುಕೊಂಡು ದುಡ್ಡು ಕೊಟ್ಟವರಿಗೆ ಅದು ಗೊತ್ತಿರಬೇಕು ಅಲ್ವಾ? ಇದೇ ವಿಷಯದ ಜಾಹೀರಾತಿಗೆ 2017ರಲ್ಲಿ ಅಮುಲ್ ಮತ್ತು ಹಿಂದೂಸ್ತಾನ್ ಯೂನಿಲಿವರ್ ಬಾಂಬೆ ಹೈಕೋರ್ಟಿನಲ್ಲಿ ಕಾದಾಡಿದ್ದವು.

ಇನ್ನು ವೆನಿಲಾ. ಅಸಲಿ ವೆನಿಲಾ ಕಾಯಿಯ ರೇಟು ಕೇಳಿಯೇ ಸುಮ್ಮನಾದೆ. ನಾನು ಹಾಕೋದು ಕಾರ್ಖಾನೆಯ ಎಸೆನ್ಸ್, ಬೋರ್ಡಿನಲ್ಲೂ 'ವೆನಿಲಾ ಎಸೆನ್ಸ್' ಅಂತಲೇ ಇದೆ. ಅದನ್ನು ಬದಲಿಸೋ ಯೋಚನೆ ಸದ್ಯಕ್ಕಿಲ್ಲ, ಮಕ್ಕಳು ಕೇಳೋ ರೇಟಿಗೆ ಅಸಲಿ ವೆನಿಲಾ ಬರೋದಿಲ್ಲ.