ಇಪ್ಪತ್ತನೇ ತಾರೀಖು ಕಳೆದ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ

ಕೋಲಾರದ ಎಪಿಎಂಸಿ ಹತ್ತಿರ ಸಣ್ಣ ರೂಮಿನಲ್ಲಿ ಕೂತು ಅಂಗಡಿಗಳಿಗೆ ಲೆಕ್ಕ ಬರೆಯುವವಳು ನಾನು. ಎರಡು ಟೊಮೆಟೊ ಮಂಡಿ, ಒಂದು ಗೊಬ್ಬರದ ಅಂಗಡಿ, ಮೂರು ಹಾರ್ಡ್‌ವೇರ್ ಅಂಗಡಿ. ಜೂನ್, ಜುಲೈ ಬಂದರೆ ಮಂಡಿಗೆ ಮಾಲು ನುಗ್ಗುತ್ತದೆ. 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಹರಾಜು, ಪ್ರತಿ ರೈತನಿಗೂ ಒಂದು ಪಟ್ಟಿ. ಅಂಥ ಹೊತ್ತಿನಲ್ಲಿ ನನ್ನ ಲ್ಯಾಪ್‌ಟಾಪ್ ಆನ್ ಆಗಿ, ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ತೆರೆಯುವಷ್ಟರಲ್ಲಿ ಟೀ ಕುಡಿದು ಲೋಟ ತೊಳೆದಿಡಬಹುದಿತ್ತು. ಮಂಡಿ ಯಜಮಾನರು ಬಾಗಿಲಲ್ಲೇ ನಿಂತು, "ಏನಮ್ಮಾ, ನಿನ್ನ ಡಬ್ಬ ಇನ್ನೂ ಕಣ್ಣು ಬಿಟ್ಟಿಲ್ವಾ? ಹೊಸದು ತಗೋಬಾರ್ದಾ?" ಅಂದರು.

ತಗೊಳ್ಳಲಿಲ್ಲ, ಇದ್ದದ್ದನ್ನೇ ಬಿಚ್ಚಿ ವೇಗ ಮಾಡಿಕೊಂಡೆ. ನನ್ನದು ಲೆನೊವೊ ಥಿಂಕ್‌ಪ್ಯಾಡ್ ಟಿ480. 2018ರ ಮಾಡೆಲ್, ಸೆಕೆಂಡ್ ಹ್ಯಾಂಡ್. ಆಫೀಸುಗಳಿಗೆಂದೇ ಮಾಡಿದ ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಗುಣ ಇದೆ: ತಳ ಬಿಚ್ಚಿದರೆ ಎಲ್ಲವೂ ಕೈಗೆ ಸಿಗುತ್ತದೆ. ತೆಳ್ಳಗಿನ ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ (ತೆರೆದಿಟ್ಟ ಕೆಲಸಗಳನ್ನು ಹಿಡಿದಿಡುವ ಮೆಮೊರಿ) ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಹೆಚ್ಚಿಸೋಕೆ ಆಗಲ್ಲ.

ಮೊದಲು ಎಲ್ಲಿ ನಿಧಾನ ಅಂತ ನೋಡಿ. ಟ್ಯಾಲಿ, ಕ್ರೋಮ್, ಎಕ್ಸೆಲ್ ಎಲ್ಲ ತೆರೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ ಸುಮ್ನೆ ನೂರು ಪರ್ಸೆಂಟಿನಲ್ಲೇ ನಿಂತಿದ್ದರೆ ತಪ್ಪು ಹಾರ್ಡ್ ಡಿಸ್ಕಿನದು. ಮೆಮೊರಿ ತುಂಬಿದ್ದರೆ ರ‍್ಯಾಮ್ ಸಾಲದು. ಎರಡು ಸ್ಲಾಟ್‌ಗಳಲ್ಲಿ ಎಷ್ಟು ಬಳಕೆಯಲ್ಲಿದೆ ಅಂತಲೂ ಅಲ್ಲೇ ಬರೆದಿರುತ್ತದೆ. ನನ್ನದರಲ್ಲಿ ಹಾರ್ಡ್ ಡಿಸ್ಕ್ ಒದ್ದಾಡುತ್ತಿತ್ತು, 8 ಜಿಬಿಯ ಒಂದೇ ರ‍್ಯಾಮ್ ಇತ್ತು, ಇನ್ನೊಂದು ಸ್ಲಾಟ್ ಖಾಲಿ.

ದುಡ್ಡು ಒಂದಕ್ಕೇ ಸಾಕಾಗುವುದಾದರೆ ಹಾರ್ಡ್ ಡಿಸ್ಕಿನ ಬದಲು, ಅದಕ್ಕಿಂತ ಎಷ್ಟೋ ವೇಗದ ಎಸ್‌ಎಸ್‌ಡಿ ಹಾಕಿಸಿ. ಹಾರ್ಡ್ ಡಿಸ್ಕ್ ಇದ್ದ ಜಾಗಕ್ಕೇ 2.5 ಇಂಚಿನ, 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ ಕೂರುತ್ತದೆ. ಅಂಗಡಿಯವರು ಎನ್‌ವಿಎಂಇ ಅನ್ನುವ ಇನ್ನೊಂದು ಬಗೆಯ ಎಸ್‌ಎಸ್‌ಡಿ ಇನ್ನೂ ಸ್ಪೀಡು ಅಂತಾರೆ. ಹೌದು, ಆದರೆ ಟಿ480ಗೆ ಅದಕ್ಕೆ ಬೇರೆ ಕೇಬಲ್ಲು, ಬ್ರಾಕೆಟ್ಟು ಬೇಕು. ಹಾಕಿದರೂ ಈ ಮಾಡೆಲ್ಲಿನಲ್ಲಿ ಅದು ಪೂರ್ತಿ ವೇಗಕ್ಕೆ ಓಡಲ್ಲ. ಲೆಕ್ಕದ ಕೆಲಸಕ್ಕೆ ಸಾಟಾ ಧಾರಾಳವಾಯಿತು.

ರ‍್ಯಾಮ್ ಡಿಡಿಆರ್4, ಲ್ಯಾಪ್‌ಟಾಪ್ ಸೈಜಿನದು. 2400 ಮೆಗಾಹರ್ಟ್ಸ್‌ಗಿಂತ ಜಾಸ್ತಿ ಸ್ಪೀಡಿನದು ತಂದರೂ ಇದರಲ್ಲಿ 2400ಕ್ಕೇ ಓಡುತ್ತದೆ. ನಾನು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಇನ್ನೊಂದು 8 ಜಿಬಿ ತಂದೆ. ಎರಡು ಸ್ಲಾಟಿನಲ್ಲೂ ಒಂದೇ ಅಳತೆಯದಿದ್ದರೆ ಎರಡೂ ಜೊತೆಯಾಗಿ ಕೆಲಸ ಮಾಡುತ್ತವೆ.

ಈಗ ನನ್ನ ದಡ್ಡತನದ ಕಥೆ. ಎಸ್‌ಎಸ್‌ಡಿ ಬಂದ ಖುಷಿಯಲ್ಲಿ 18ನೇ ತಾರೀಖು ರಾತ್ರಿಯೇ ಬದಲಾಯಿಸಿ, ವಿಂಡೋಸ್ ಹೊಸದಾಗಿ ಹಾಕಿದೆ. ವಿಂಡೋಸಿನ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ತಾನೇ ಆಕ್ಟಿವೇಟ್ ಆಯಿತು. ಟ್ಯಾಲಿ ಆಗಲಿಲ್ಲ. ಹಳೇ ಡಿಸ್ಕ್ ತೆಗೆಯುವ ಮುಂಚೆ ಟ್ಯಾಲಿಯೊಳಗೆ ಲೈಸೆನ್ಸ್ ಸರೆಂಡರ್ ಮಾಡಬೇಕಿತ್ತು, ಅಂದರೆ ವಾಪಸ್ ಒಪ್ಪಿಸಬೇಕಿತ್ತು, ಮಾಡಿರಲಿಲ್ಲ. 20ನೇ ತಾರೀಖು ಜಿಎಸ್‌ಟಿಆರ್-3ಬಿ ಅನ್ನುವ ತಿಂಗಳ ಜಿಎಸ್‌ಟಿ ರಿಟರ್ನಿಗೆ ಕೊನೇ ದಿನ. ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಬಾಕಿ ತೆರಿಗೆಗೆ ಬಡ್ಡಿ ಬೇರೆ. ಬೇರೆಯವರ ಕಂಪ್ಯೂಟರಿನ ಮುಂದೆ ಕೂತು, ಅವರ ಮುಖ ನೋಡಿಕೊಂಡು ಫೈಲ್ ಮಾಡಿದೆ. ಅದಕ್ಕೇ ಹೇಳಿದ್ದು, 20 ಕಳೆಯಲಿ. ಆಮೇಲೆ ಟ್ಯಾಲಿ ಡೇಟಾ ಪೆನ್‌ಡ್ರೈವಿಗೆ ಹಾಕಿ, ಲೈಸೆನ್ಸ್ ಸರೆಂಡರ್ ಮಾಡಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ) ಆನ್ ಇದ್ದರೆ ಅದರ ರಿಕವರಿ ಕೀಯನ್ನು ಪುಸ್ತಕದಲ್ಲಿ ಬರೆದಿಡಿ. ಲ್ಯಾಪ್‌ಟಾಪಿನೊಳಗೇ ಇಟ್ಟರೆ ಏನು ಪ್ರಯೋಜನ, ಅಲ್ವಾ?

ಬಿಚ್ಚುವ ಕೆಲಸ ಕಷ್ಟವಲ್ಲ. ಟಿ480ಗೆ ಎರಡು ಬ್ಯಾಟರಿ. ಹಿಂಬದಿಯದು ಕೈಯಲ್ಲೇ ಬರುತ್ತದೆ, ಒಳಗಿನದು ಬೋರ್ಡಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಹಾಗಾಗಿ ಆನ್ ಮಾಡುವಾಗ ಎಫ್1 ಒತ್ತಿ, ವಿಂಡೋಸ್‌ಗೂ ಮೊದಲೇ ತೆರೆಯುವ ಸೆಟ್ಟಿಂಗ್ ಪುಟವಾದ ಬಯೋಸ್‌ಗೆ ಹೋಗಿ, ಪವರ್ ವಿಭಾಗದಲ್ಲಿ 'ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ' ಕೊಡಿ. ಆಫ್ ಆಗುತ್ತದೆ. ಚಾರ್ಜರ್ ಮೊದಲೇ ತೆಗೆದಿರಬೇಕು. ಆಮೇಲೆ ಹಿಂಬದಿ ಬ್ಯಾಟರಿ ತೆಗೆದು, ತಳದ ಸ್ಕ್ರೂ ಸಡಿಲಿಸಿ. ಅವು ಕಳಚಿ ಬೀಳಲ್ಲ, ಅಲ್ಲೇ ನಿಲ್ಲುತ್ತವೆ. ಅಂಚಿನ ಕ್ಲಿಪ್ಪುಗಳನ್ನು ಹಳೇ ಎಟಿಎಂ ಕಾರ್ಡಿನಿಂದ ಬಿಡಿಸಿ, ಸ್ಕ್ರೂಡ್ರೈವರ್ ತುರುಕಬೇಡಿ. ರ‍್ಯಾಮನ್ನು ಓರೆಯಾಗಿ ಒಳಗೆ ತಳ್ಳಿ ಕೆಳಗೆ ಒತ್ತಿದರೆ ಟಕ್ ಅನ್ನುತ್ತದೆ. ಫ್ಯಾನಿನಲ್ಲಿ ಲಾರಿ ಓಡಾಡುವ ರಸ್ತೆಯ ಧೂಳೆಲ್ಲ ಗಟ್ಟಿಯಾಗಿತ್ತು. ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಹಿಡಿದು ಬ್ರಷ್ಷಿನಿಂದ ತೆಗೆದೆ. ಮುಚ್ಚಿದ ಮೇಲೆ ಆನ್ ಆಗಬೇಕಾದರೆ ಚಾರ್ಜರ್ ಸಿಕ್ಕಿಸಲೇಬೇಕು. ಹೊಸ ರ‍್ಯಾಮ್ ಹಾಕಿದ ಮೊದಲ ಸಲ ಪರದೆ ಸ್ವಲ್ಪ ಹೊತ್ತು ಕಪ್ಪಗಿದ್ದರೆ ಹೆದರಬೇಡಿ. ನನಗಂತೂ ಎದೆ ಝಲ್ ಅಂದಿತ್ತು.

ಸೆಕೆಂಡ್ ಹ್ಯಾಂಡ್ ಇನ್ನೂ ತಗೊಳ್ಳಬೇಕು ಅನ್ನುವವರು ಅಂಗಡಿಯಲ್ಲೇ ಎಫ್1 ಒತ್ತಿ ನೋಡಿ. ಬಯೋಸ್ ಪಾಸ್‌ವರ್ಡ್ ಕೇಳಿದರೆ ಎದ್ದು ಬನ್ನಿ. ಇಂಟೆಲ್ ಎಂಟನೇ ಪೀಳಿಗೆಯ ಪ್ರೊಸೆಸರ್ ಇದ್ದರೆ ವಿಂಡೋಸ್ 11 ಓಡುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ, ಅಂದರೆ ಮಾಮೂಲಿ ಭದ್ರತಾ ಅಪ್‌ಡೇಟ್ ಕೊಡುವುದನ್ನು, ನಿಲ್ಲಿಸಿದೆ. ಗ್ರಾಹಕರ ಪ್ಯಾನು, ಬ್ಯಾಂಕಿನ ವಿವರ ಇಟ್ಟುಕೊಳ್ಳುವ ನಮ್ಮಂಥವರಿಗೆ ಅದು ಸಣ್ಣ ವಿಷಯವಲ್ಲ.

ಇನ್ನು ಬ್ಯಾಟರಿ. ಇಡೀ ದಿನ ಚಾರ್ಜರಿನಲ್ಲೇ ಇದ್ದು ನೂರಕ್ಕೆ ತುಂಬಿಕೊಂಡಿದ್ದರೆ ಬ್ಯಾಟರಿ ಬೇಗ ಸೊರಗುತ್ತದೆ. ಲೆನೊವೊ ವಾಂಟೇಜ್ ಅನ್ನುವ ಆ್ಯಪಿನಲ್ಲಿ ಚಾರ್ಜ್ 80ಕ್ಕೆ ನಿಲ್ಲುವಂತೆ ಮಾಡಬಹುದು. ನಾನು ಹಾಗೇ ಇಟ್ಟಿದ್ದೇನೆ. ಆದರೆ ತಿಂಗಳ 17ರಿಂದ 20ರವರೆಗೆ ಮಾತ್ರ ನೂರು. ಕರೆಂಟ್ ಹೋಗುವುದು ಅವಾಗಲೇ.